ದುಡ್ಡು ಕೊಡದೆ ಇಂಟರ್ನ್‌ಶಿಪ್ ಹುಡುಕುವುದು ಹೇಗೆ: ಬೆಂಗಳೂರಿನ ಹೊರಗೆ ಓದುತ್ತಿರುವವರಿಗೆ

ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕಾಲೇಜು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದೇ ಥರದ ಪೋಸ್ಟರ್‌ಗಳು ಓಡಾಡಲು ಶುರುವಾಗುತ್ತವೆ. ಇಂಟರ್ನ್‌ಶಿಪ್ ಗ್ಯಾರಂಟಿ, ಸರ್ಟಿಫಿಕೇಟ್ ಗ್ಯಾರಂಟಿ, ಸೀಟು ಕೆಲವೇ ಉಳಿದಿವೆ ಅಂತ ಬರೆದಿರುತ್ತದೆ. ಕೆಳಗೆ ಒಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ದುಡ್ಡು ಹಾಕಿದರೆ ನಾಲ್ಕು ವಾರ ಸಂಜೆ ಹೊತ್ತು ರೆಕಾರ್ಡ್ ಮಾಡಿದ ವಿಡಿಯೋ ತೋರಿಸುತ್ತಾರೆ, ಕೊನೆಗೆ ಬಂಗಾರದ ಅಂಚಿನ ಪಿಡಿಎಫ್ ಕಳಿಸುತ್ತಾರೆ. ಹಾವೇರಿ, ಚಿತ್ರದುರ್ಗ, ಬೀದರ್ ಕಡೆಯ ಹುಡುಗ ಹುಡುಗಿಯರು ಮನೆಯಲ್ಲಿ ಕೇಳಿ ಪಡೆದ ದುಡ್ಡು ಹೀಗೆ ಹೋಗುವುದನ್ನು ನೋಡಿದರೆ ನನಗೆ ಬಹಳ ಬೇಜಾರಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಇಂಟರ್ನ್‌ಶಿಪ್ ಕೇಳಿ ಬರುವ ಮೇಲ್‌ಗಳನ್ನು ಓದುವ ಕೆಲಸವೂ ನನ್ನದೇ. ಆ ದುಡ್ಡು ಕೊಟ್ಟು ತಂದ ಸರ್ಟಿಫಿಕೇಟ್‌ಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಯಮ ಸರಳ. ನೀವು ಕೆಲಸ ಮಾಡಿಕೊಡುತ್ತೀರಿ, ಕಂಪನಿಯವರು ಕೆಲಸ ಕಲಿಸುತ್ತಾರೆ, ಆಗುವುದಾದರೆ ಸ್ಟೈಪೆಂಡ್ (ತಿಂಗಳ ಖರ್ಚಿಗೆ ದುಡ್ಡು) ಕೊಡುತ್ತಾರೆ. ನೀವೇ ದುಡ್ಡು ಕೊಟ್ಟರೆ ಅದು ಟ್ಯೂಷನ್. ಟ್ಯೂಷನ್ ಬೇಕಿದ್ದರೆ ಸ್ವಯಂ, ಎನ್‌ಪಿಟಿಇಎಲ್ ಅನ್ನುವ ಸರ್ಕಾರಿ ಆನ್‌ಲೈನ್ ತಾಣಗಳಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಫ್ರೀಯಾಗಿ ಸಿಗುತ್ತದೆ, ಪರೀಕ್ಷೆ ಬರೆಯುವುದಾದರೆ ಮಾತ್ರ ಫೀಸು.

ಮೊದಲು ನಿಮ್ಮ ಕಾಲೇಜಿನ ನಿಯಮ ಓದಿ

ಇದನ್ನು ಬಿಟ್ಟು ಹುಡುಕಲು ಹೊರಟವರೇ ಜಾಸ್ತಿ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್‌ನ (ಪಠ್ಯಕ್ರಮದ) ಇಂಜಿನಿಯರಿಂಗ್‌ನವರಿಗೆ ಕೊನೆಯ ವರ್ಷದಲ್ಲಿ 14ರಿಂದ 20 ವಾರದ ಇಂಟರ್ನ್‌ಶಿಪ್ ಇದೆ. ರಜೆಯಲ್ಲಿ ಕೆಲವು ವಾರ ಹೋಗಿಬಂದು ಮುಗಿಸುವ ಹಳೇ ಲೆಕ್ಕ ಇದಕ್ಕೆ ನಡೆಯುವುದಿಲ್ಲ. ಅದು ಇಂಡಸ್ಟ್ರಿಯಲ್ಲೂ ಆಗಬಹುದು, ರಿಸರ್ಚ್ ಲ್ಯಾಬ್‌ನಲ್ಲೂ ಆಗಬಹುದು. ಕೆಲವು ಕಾಲೇಜುಗಳು ಏಳನೇ ಮತ್ತು ಎಂಟನೇ ಸೆಮಿಸ್ಟರನ್ನು ಅದಲುಬದಲು ಮಾಡಿ, ಅರ್ಧ ಕ್ಲಾಸನ್ನು ಮೊದಲು ಹೊರಗೆ ಕಳಿಸುತ್ತವೆ. ನಿಮ್ಮ ಸೆಕ್ಷನ್ ಯಾವ ಗುಂಪಿನಲ್ಲಿದೆ ಅಂತ ಐದನೇ ಸೆಮಿಸ್ಟರ್‌ನಲ್ಲೇ ಕೇಳಿ ಇಟ್ಟುಕೊಳ್ಳಿ. ಆಟಾನಮಸ್ ಕಾಲೇಜಿನವರಿಗೆ, ಬಿಕಾಂ, ಬಿಸಿಎ, ಬಿಎಸ್‌ಸಿಯವರಿಗೆ ನಿಯಮ ಬೇರೆ ಬೇರೆ ಇರುತ್ತದೆ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ, ಸ್ಕೀಮ್‌ನ ಪಿಡಿಎಫ್ ತೆಗೆದು ಓದಿ.

ಡಿಪಾರ್ಟ್‌ಮೆಂಟಿನ ಇಂಟರ್ನ್‌ಶಿಪ್ ಕೋಆರ್ಡಿನೇಟರ್ ಹತ್ತಿರ ಮೂರು ವಿಷಯ ಕೇಳಿ. ಮನೆಯಿಂದ ಮಾಡುವ ಇಂಟರ್ನ್‌ಶಿಪ್ ಒಪ್ಪುತ್ತೀರಾ? ಸ್ಟೈಪೆಂಡ್ ಇಲ್ಲದ್ದು ನಡೆಯುತ್ತದಾ? ಕಾಲೇಜಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಸಿಗಲು ಎಷ್ಟು ದಿನ ಬೇಕು? ಕಂಪನಿ ಸೋಮವಾರ ಬಾ ಅಂದಾಗ ಎನ್‌ಒಸಿಗೆ ಪ್ರಿನ್ಸಿಪಾಲರ ಸಹಿ ಆಗಿಲ್ಲ ಅಂತ ಅವಕಾಶ ಕೈತಪ್ಪುವುದು ತೀರಾ ಮಾಮೂಲು. ಹಾಗಾಗಿ ಕಂಪನಿ ಹೆಸರು ಖಾಲಿ ಬಿಟ್ಟ ಶಿಫಾರಸು ಪತ್ರವೊಂದನ್ನು ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಮೊದಲೇ ಕೇಳಿ ನೋಡಿ. ಕೆಲವರು ಕೊಡುತ್ತಾರೆ.

ಯಾವಾಗ ಶುರು ಮಾಡಬೇಕು

ಬೇಸಿಗೆ ಇಂಟರ್ನ್‌ಶಿಪ್‌ಗೆ ಏಪ್ರಿಲ್‌ನಲ್ಲಿ ಹುಡುಕಲು ಕೂತರೆ ತಡವಾಯಿತು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಮುಂದಿನ ಬೇಸಿಗೆಯವರನ್ನು ಹಿಂದಿನ ವರ್ಷದ ಜುಲೈ, ಆಗಸ್ಟ್‌ನಿಂದಲೇ ಆರಿಸಲು ಶುರು ಮಾಡುತ್ತವೆ. ವಿಜ್ಞಾನ ಓದುವವರಿಗೆ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ನಡೆಸುವ ಸಮ್ಮರ್ ರಿಸರ್ಚ್ ಫೆಲೋಶಿಪ್ ಇದೆ, ಅದರ ಅರ್ಜಿ ಚಳಿಗಾಲಕ್ಕೂ ಮೊದಲೇ ಕರೆಯುತ್ತಾರೆ. ದಸರಾ ರಜೆಯಲ್ಲಿ ಅವರ ವೆಬ್‌ಸೈಟ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಕೋಡ್ ಬರೆಯುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಅರ್ಜಿ ಹಾಕುವುದು ಮಾರ್ಚ್ ಏಪ್ರಿಲ್‌ನಲ್ಲಿ, ಆದರೆ ಅಲ್ಲಿ ಆಯ್ಕೆಯಾಗುವವರು ಅದಕ್ಕೂ ತಿಂಗಳುಗಟ್ಟಲೆ ಮೊದಲೇ ಆ ಪ್ರಾಜೆಕ್ಟ್‌ಗಳಲ್ಲಿ ಚಿಕ್ಕಪುಟ್ಟ ಬಗ್ ಸರಿಮಾಡುತ್ತಾ ಅಲ್ಲಿಯವರಿಗೆ ಪರಿಚಯ ಆಗಿರುತ್ತಾರೆ. ನೀತಿ ಆಯೋಗದಲ್ಲಿ ಪ್ರತಿ ತಿಂಗಳ 1ರಿಂದ 10ನೇ ತಾರೀಖಿನವರೆಗೆ ಅರ್ಜಿ ಹಾಕಬಹುದು, ಅಲ್ಲಿ ಸ್ಟೈಪೆಂಡ್ ಇಲ್ಲ.

ಸಣ್ಣ ಕಂಪನಿಗಳಿಗೆ ಮಾತ್ರ ಈ ಕ್ಯಾಲೆಂಡರ್ ಯಾವುದೂ ಇಲ್ಲ. ಜನ ಬೇಕು ಅನ್ನಿಸಿದಾಗ ತೆಗೆದುಕೊಳ್ಳುತ್ತಾರೆ. ನಿಮ್ಮಲ್ಲಿ ಬಹುಪಾಲು ಜನರಿಗೆ ದಾರಿ ಸಿಗುವುದು ಇಲ್ಲೇ. ಎರಡು ತಿಂಗಳು ಮೊದಲು ಕೇಳಲು ಶುರು ಮಾಡಿದರೆ ಸಾಕು.

ತೋರಿಸಲು ಒಂದು ಕೆಲಸ ಮಾಡಿಟ್ಟುಕೊಳ್ಳಿ

ನಮಗೆ ಬರುವ ರೆಸ್ಯೂಮೆಗಳಲ್ಲಿ ಪ್ರಾಜೆಕ್ಟ್ ಅಂತ ಇರುವುದು ಹೆಚ್ಚು ಕಡಿಮೆ ಒಂದೇ: ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಫೇಸ್ ರೆಕಗ್ನಿಷನ್ ಅಟೆಂಡೆನ್ಸ್, ಚಾಟ್‌ಬಾಟ್. ಯೂಟ್ಯೂಬ್ ನೋಡಿ ಮಾಡಿದ್ದು ಅಂತ ಮೊದಲ ಪ್ರಶ್ನೆಗೇ ಗೊತ್ತಾಗುತ್ತದೆ. ಅದರ ಬದಲು ನಿಮ್ಮ ಊರಿನದ್ದೇ ಒಂದು ಪ್ರಶ್ನೆ ಹಿಡಿದುಕೊಳ್ಳಿ.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ನೀವು ಹಾವೇರಿ ಜಿಲ್ಲೆಯವರು ಅಂದುಕೊಳ್ಳಿ. ಪಕ್ಕದಲ್ಲೇ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಇದೆ. ಎಪಿಎಂಸಿ ದರಗಳು ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲೂ ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲೂ ಎಲ್ಲರಿಗೂ ನೋಡಲು ಸಿಗುತ್ತವೆ. ಒಂದು ಸೀಸನ್ನಿನ ದರ ತೆಗೆದು ಎಕ್ಸೆಲ್‌ಗೆ ಹಾಕಿ. ಹಾಕಿದ ತಕ್ಷಣ ನಿಜವಾದ ತೊಂದರೆಗಳು ಎದುರಾಗುತ್ತವೆ. ಕೆಲವು ದಿನ ವಹಿವಾಟೇ ಇರುವುದಿಲ್ಲ, ಆ ಖಾಲಿ ಜಾಗವನ್ನು ಸೊನ್ನೆ ಅಂತ ತಗೊಂಡರೆ ಸರಾಸರಿ ಕೆಡುತ್ತದೆ. ಡಬ್ಬಿ, ಕಡ್ಡಿ, ಗುಂಟೂರು ಅಂತ ತಳಿಗಳಿವೆ, ಎಲ್ಲ ಸೇರಿಸಿ ಒಂದೇ ಗೆರೆ ಎಳೆದರೆ ಆ ಚಾರ್ಟ್‌ಗೆ ಅರ್ಥವೇ ಇರುವುದಿಲ್ಲ. ಕನಿಷ್ಠ, ಗರಿಷ್ಠ, ಮಾದರಿ ದರ ಅಂತ ಮೂರು ಕಾಲಂ ಇರುತ್ತವೆ, ಅದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಗೊತ್ತಾಗದಿದ್ದರೆ ಮಾರುಕಟ್ಟೆಗೆ ಹೋಗಿ ಒಬ್ಬ ದಲಾಲರನ್ನೋ ರೈತರನ್ನೋ ಕೇಳಿ ಬನ್ನಿ. ಇದನ್ನೆಲ್ಲ ಬಿಡಿಸಿ ಎರಡು ಚಾರ್ಟ್ ಮಾಡಿ, ಏನು ಕಂಡಿತು ಅಂತ ಒಂದು ಪುಟ ಬರೆದು ಗಿಟ್‌ಹಬ್‌ಗೆ (ಕೋಡ್ ಹಾಕಿಟ್ಟು ಎಲ್ಲರಿಗೂ ತೋರಿಸುವ ಸೈಟ್) ಹಾಕಿ.

ಇಷ್ಟು ಮಾಡಿದ ಹುಡುಗಿಯೊಬ್ಬಳ ಮೇಲ್ ಬಂದರೆ ನಾನು ಅವಳ ಸಿಜಿಪಿಎ ನೋಡುವುದಕ್ಕೂ ಮೊದಲು ಫೋನ್ ಮಾಡುತ್ತೇನೆ. ನಮ್ಮ ಆಫೀಸಿನಲ್ಲಿ ಮೊದಲ ವಾರದಿಂದಲೇ ಇಂಟರ್ನ್‌ಗಳು ಒದ್ದಾಡುವುದು ಇಂಥದೇ ಅರೆಬರೆ ಡೇಟಾ ಜೊತೆ. ಅದನ್ನು ಒಮ್ಮೆ ಎದುರಿಸಿ ಬಂದವರು ಬೇಗ ಕೆಲಸಕ್ಕೆ ಹತ್ತುತ್ತಾರೆ.

ಬೇರೆ ವಿಷಯದವರಿಗೂ ದಾರಿ ಇದೇ. ಮೆಕ್ಯಾನಿಕಲ್‌ನವರು ಊರಿನ ಎಣ್ಣೆ ಗಾಣದ್ದೋ ಅಡಿಕೆ ಸುಲಿಯುವ ಯಂತ್ರದ್ದೋ ಒಂದು ಭಾಗ ಅಳತೆ ಮಾಡಿ ಡ್ರಾಯಿಂಗ್ ತೆಗೆಯಿರಿ, ಎಲ್ಲಿ ಸವೆಯುತ್ತದೆ, ಯಾಕೆ ಸವೆಯುತ್ತದೆ ಅಂತ ಬರೆಯಿರಿ. ಸಿವಿಲ್‌ನವರು ಮಳೆ ಬಂದಾಗ ನೀರು ನಿಲ್ಲುವ ಒಂದು ರಸ್ತೆಯ ಲೆವೆಲ್ ತೆಗೆಯಿರಿ. ಬಿಎ, ಪತ್ರಿಕೋದ್ಯಮ, ಕನ್ನಡ ಓದುವವರು ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ತಾಲ್ಲೂಕಿನ ಬಗ್ಗೆ ಇರುವ ಸಣ್ಣ ಲೇಖನವನ್ನು ಆಧಾರ ಸಮೇತ ಬೆಳೆಸಿ, ಇಲ್ಲವೇ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕವೊಂದರ ಕರಡು ತಿದ್ದಿ. ಅಲ್ಲಿ ನೀವು ಮಾಡಿದ ಒಂದೊಂದು ತಿದ್ದುಪಡಿಯೂ ನಿಮ್ಮ ಹೆಸರಿನಲ್ಲಿ ತಾರೀಖಿನ ಸಮೇತ ಉಳಿಯುತ್ತದೆ. ಪ್ರಕಾಶನದವರಿಗೋ ಪತ್ರಿಕೆಯವರಿಗೋ ಅದನ್ನೇ ತೋರಿಸಬಹುದು.

ರೆಸ್ಯೂಮೆ

ಒಂದೇ ಪುಟ. ಫೋಟೋ ಬೇಡ, ತಂದೆಯ ಹೆಸರು, ಜಾತಿ, ಮದುವೆ ವಿವರ ಯಾವುದೂ ಬೇಡ. ಮೇಲೆ ಹೆಸರು, ಫೋನು, ಮೇಲ್, ಕೆಲಸದ ಲಿಂಕು. ಕಾಲೇಜಿಗಿಂತ ಮೊದಲು ಪ್ರಾಜೆಕ್ಟ್ ಬರಲಿ. ಪೈಥಾನ್ ಬರುತ್ತದೆ ಅಂತ ಐದಕ್ಕೆ ನಾಲ್ಕು ಸ್ಟಾರ್ ಹಾಕಿಕೊಂಡರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಬ್ಯಾಡಗಿ ಎಪಿಎಂಸಿಯ ಒಂದು ಸೀಸನ್ ದರಗಳನ್ನು ಪೈಥಾನ್‌ನಲ್ಲಿ ಸ್ವಚ್ಛ ಮಾಡಿ, ತಳಿವಾರು ಏರಿಳಿತ ತೋರಿಸಿದೆ’ ಅಂತ ಒಂದು ಸಾಲು ಬರೆದರೆ ತಿಳಿಯುತ್ತದೆ. ಫೈಲಿಗೆ ನಿಮ್ಮ ಹೆಸರಿಡಿ. ‘ರೆಸ್ಯೂಮೆ ಫೈನಲ್ ನ್ಯೂ 3’ ಅಂತ ಬಂದ ಫೈಲು ಡೌನ್‌ಲೋಡ್ ಆದ ಮೇಲೆ ಯಾರದ್ದು ಅಂತ ಹುಡುಕಬೇಕಾಗುತ್ತದೆ.

ಎಲ್ಲಿ ಹುಡುಕುವುದು

ಇಂಟರ್ನ್‌ಶಾಲಾ, ಲಿಂಕ್ಡ್‌ಇನ್, ಅನ್‌ಸ್ಟಾಪ್, ನೌಕರಿ, ಜೊತೆಗೆ ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್. ಈ ಹೆಸರುಗಳು ಎಲ್ಲರಿಗೂ ಗೊತ್ತು, ಹಾಗಾಗಿ ಅಲ್ಲಿ ನೂಕುನುಗ್ಗಲೂ ಜಾಸ್ತಿ. ಪೋಸ್ಟ್ ಬಿದ್ದ ಮೊದಲ ದಿನವೇ ಅರ್ಜಿ ಹಾಕಿದರೆ ಓದುವವರ ಕಣ್ಣಿಗೆ ಬೀಳುವ ಸಂಭವ ಇದೆ. ಹಳೆಯ ಪೋಸ್ಟ್‌ಗಳ ಮೇಲೆ ಸಮಯ ಹಾಕಬೇಡಿ. ಲಿಂಕ್ಡ್‌ಇನ್‌ನಲ್ಲಿ ಜಾಬ್ಸ್ ಪುಟಕ್ಕಿಂತ ನಿಮ್ಮ ಕಾಲೇಜಿನ ಪುಟಕ್ಕೆ ಹೋಗಿ, ಹಳೇ ವಿದ್ಯಾರ್ಥಿಗಳ ಪಟ್ಟಿ ತೆಗೆಯಿರಿ. ನಿಮಗಿಂತ ಎರಡು ಮೂರು ವರ್ಷ ಮುಂದಿರುವ ಅಕ್ಕ ಅಣ್ಣಂದಿರು ಎಲ್ಲೆಲ್ಲಿದ್ದಾರೆ ನೋಡಿ. ಅವರಿಗೆ ನಿಮ್ಮ ಪರಿಸ್ಥಿತಿ ಇನ್ನೂ ನೆನಪಿರುತ್ತದೆ, ಕೇಳಿದರೆ ಉತ್ತರ ಬರೆಯುತ್ತಾರೆ. ‘ಸರ್, ಜಾಬ್ ಇದೆಯಾ’ ಅಂತ ಕೇಳಬೇಡಿ. ‘ನಿಮ್ಮ ಟೀಮ್‌ನಲ್ಲಿ ಇಂಟರ್ನ್‌ಗಳು ಏನು ಕೆಲಸ ಮಾಡುತ್ತಾರೆ, ಅದಕ್ಕೆ ನಾನು ಏನು ಕಲಿತಿರಬೇಕು’ ಅಂತ ಕೇಳಿ.

ಪಿಎಂ ಇಂಟರ್ನ್‌ಶಿಪ್ ಯೋಜನೆ ಬಗ್ಗೆ ಬಹಳ ಜನ ಕೇಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಅದು ಶುರುವಾದದ್ದು 21ರಿಂದ 24 ವರ್ಷದವರಿಗೆ, 12 ತಿಂಗಳಿಗೆ, ತಿಂಗಳಿಗೆ ₹5,000 ಅಂತ. ಆದರೆ ರೆಗ್ಯುಲರ್ ಆಗಿ ಕಾಲೇಜಿಗೆ ಹೋಗುತ್ತಿದ್ದವರಿಗೆ ಆಗ ಅದು ಇರಲಿಲ್ಲ. ಡಿಗ್ರಿ ಮುಗಿದು ಕೆಲಸ ಸಿಗದಿದ್ದಾಗ ನೋಡುವಂಥದ್ದಾಗಿತ್ತು. ಅಪ್ರೆಂಟಿಸ್ ಕಾಯ್ದೆಯಡಿ ನಡೆಯುವ ಎನ್‌ಎಟಿಎಸ್ ಪೋರ್ಟಲ್‌ನಲ್ಲೂ ಹೆಚ್ಚಿನ ಅವಕಾಶಗಳು ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೇ. ನಿಮ್ಮ ಅಣ್ಣನೋ ಅಕ್ಕನೋ ಪಾಸಾಗಿ ಮನೆಯಲ್ಲಿದ್ದರೆ ಅವರಿಗೆ ಇದನ್ನು ಹೇಳಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ನಿಮ್ಮ ಕಾಲೇಜಿನಿಂದ ಒಂದು ಬಸ್ಸಿನ ದೂರದಲ್ಲೇ ಕೆಲಸದ ಜಾಗಗಳಿವೆ, ಅಲ್ಲಿಗೆ ಯಾರೂ ಹೋಗಿ ಕೇಳುವುದಿಲ್ಲ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿ, ಮಷಿನ್ ಶಾಪ್, ಹೈಡ್ರಾಲಿಕ್ಸ್ ಘಟಕಗಳಿವೆ. ಶಿವಮೊಗ್ಗದ ಮಾಚೇನಹಳ್ಳಿ, ಹುಬ್ಬಳ್ಳಿಯ ಗೋಕುಲ ರೋಡ್, ಮೈಸೂರಿನ ಹೆಬ್ಬಾಳ ಮತ್ತು ಹೂಟಗಳ್ಳಿ, ಮಂಗಳೂರಿನ ಬೈಕಂಪಾಡಿ, ತುಮಕೂರಿನ ವಸಂತನರಸಾಪುರ, ಎಲ್ಲ ಕಡೆ ಕೈಗಾರಿಕಾ ಪ್ರದೇಶಗಳಿವೆ. ಇಲ್ಲಿನ ಸಣ್ಣ ಕಾರ್ಖಾನೆಗಳು ವೆಬ್‌ಸೈಟಿನಲ್ಲಿ ಇಂಟರ್ನ್‌ಶಿಪ್ ಅಂತ ಹಾಕುವುದಿಲ್ಲ. ಅವರ ಬಾಯಲ್ಲಿ ಇದಕ್ಕೆ ಇನ್‌ಪ್ಲಾಂಟ್ ಟ್ರೈನಿಂಗ್ ಅಂತಾರೆ. ಹಾಗೇ ಕೇಳಿ.

ಹೋಗುವ ರೀತಿ ಹೀಗಿರಲಿ. ಬೆಳಿಗ್ಗೆ ಶಿಫ್ಟ್ ಶುರುವಾದ ಗಡಿಬಿಡಿಯಲ್ಲಿ ಹೋಗಬೇಡಿ, ಹನ್ನೊಂದರ ಮೇಲೆ ಹೋಗಿ. ತಿಂಗಳ ಕೊನೆಯ ವಾರ ಡಿಸ್ಪ್ಯಾಚ್ ಒತ್ತಡ ಇರುತ್ತದೆ, ಅದನ್ನೂ ತಪ್ಪಿಸಿ. ಕೈಯಲ್ಲಿ ಎಚ್‌ಒಡಿ ಪತ್ರ, ರೆಸ್ಯೂಮೆ, ಕಾಲೇಜು ಐಡಿ ಇರಲಿ, ಕಾಲಿಗೆ ಶೂ ಇರಲಿ, ಚಪ್ಪಲಿ ಹಾಕಿಕೊಂಡು ಬಂದವರನ್ನು ಶಾಪ್ ಫ್ಲೋರ್‌ಗೆ ಬಿಡುವುದಿಲ್ಲ. ಗೇಟಿನ ಸೆಕ್ಯುರಿಟಿ ಅಣ್ಣನ ಹತ್ತಿರ ಮರ್ಯಾದೆಯಿಂದ ಮಾತಾಡಿ. ಒಳಗೆ ಯಾರನ್ನು ಕಾಣಬೇಕು, ಯಾವ ದಿನ ಸಿಗುತ್ತಾರೆ ಅನ್ನುವುದು ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ಎಚ್‌ಆರ್ ಇಲ್ಲದ ಕಡೆ ಪ್ರೊಡಕ್ಷನ್ ಅಥವಾ ಕ್ವಾಲಿಟಿ ನೋಡುವವರನ್ನು ಕೇಳಿ. ‘ನಿಮ್ಮಲ್ಲಿ ರಿಜೆಕ್ಷನ್ ರೆಕಾರ್ಡ್ ಇನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರೆ ಅದನ್ನು ಎಕ್ಸೆಲ್‌ಗೆ ಹಾಕಿ, ಯಾವ ಪಾರ್ಟ್‌ನಲ್ಲಿ ಜಾಸ್ತಿ ಹೋಗುತ್ತಿದೆ ಅಂತ ತೋರಿಸುತ್ತೇನೆ’ ಅನ್ನಿ. ಬೇಕಾದಷ್ಟು ಸಣ್ಣ ಘಟಕಗಳಲ್ಲಿ ಆ ಕೆಲಸ ಮಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಯಾವ ಘಟಕ ಎಲ್ಲಿದೆ ತಿಳಿಯದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ, ಆದ್ದರಿಂದ ಒಂದಲ್ಲ ನಾಲ್ಕು ಕಡೆ ಹೋಗಿ ಕೇಳಿ ಬರಬಹುದು. ಆದಷ್ಟು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಬಿಕಾಂ, ಬಿಬಿಎಯವರಿಗೆ ಊರಿನ ಆಡಿಟರ್ ಆಫೀಸಿಗಿಂತ ಒಳ್ಳೆಯ ಜಾಗ ಇಲ್ಲ. ಹೋಗುವ ದಿನ ನೋಡಿಕೊಳ್ಳಿ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಅನ್ನುವ ಜಿಎಸ್‌ಟಿ ರಿಟರ್ನ್ಸ್ ಹಾಕುವ ಗಡುವು ಇರುತ್ತದೆ. ಆ ದಿನಗಳಲ್ಲಿ ಹೋದರೆ ಅವರಿಗೆ ತಲೆ ಎತ್ತಲೂ ಸಮಯ ಇರುವುದಿಲ್ಲ. 20 ಕಳೆದ ಮೇಲೆ ಹೋಗಿ. ಟ್ಯಾಲಿಯಲ್ಲಿ ಎಂಟ್ರಿ ಮಾಡಲು, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡಲು ಬಂದರೆ ಸಾಕು, ಇಟ್ಟುಕೊಳ್ಳುತ್ತಾರೆ. ಇನ್‌ಕಂ ಟ್ಯಾಕ್ಸ್ ರಿಟರ್ನ್ಸ್ ಸೀಸನ್‌ಗೆ ಮೊದಲೇ, ಅಂದರೆ ಏಪ್ರಿಲ್ ಮೇನಲ್ಲೇ ಸೇರಿದರೆ ಸೀಸನ್ ಬರುವಷ್ಟರಲ್ಲಿ ನೀವು ಕೆಲಸದಲ್ಲಿ ಪಳಗಿರುತ್ತೀರಿ.

ಬಿಎಸ್‌ಸಿಯವರು ಅಕಾಡೆಮಿಯ ಫೆಲೋಶಿಪ್ ಜೊತೆಗೆ ಜಕ್ಕೂರಿನ ಜವಾಹರಲಾಲ್ ನೆಹರೂ ಸೆಂಟರ್‌ನ ಬೇಸಿಗೆ ಫೆಲೋಶಿಪ್, ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಮತ್ತು ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿಸಿಟಿಂಗ್ ಸ್ಟೂಡೆಂಟ್ ಕಾರ್ಯಕ್ರಮ ನೋಡಿ. ಇವಕ್ಕೆ ನಿಮ್ಮ ಮೇಷ್ಟ್ರ ಶಿಫಾರಸು ಪತ್ರ ಬಹಳ ಮುಖ್ಯ. ಕೊನೆಯ ದಿನ ಹೋಗಿ ಕೇಳಿದರೆ ಎರಡು ಸಾಲು ಬರೆದುಕೊಡುತ್ತಾರೆ. ಮೂರು ವಾರ ಮೊದಲೇ ನೀವು ಮಾಡಿದ ಕೆಲಸದ ವಿವರ ಕೊಟ್ಟು ಕೇಳಿದರೆ ಒಳ್ಳೆಯ ಪತ್ರ ಸಿಗುತ್ತದೆ. ಕಾನೂನು ಓದುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಸ್ಥಳೀಯ ವಕೀಲರ ಕಚೇರಿ ಇವೆ. ಹೈಕೋರ್ಟ್ ನೋಡಬೇಕೆಂದರೆ ಬೆಂಗಳೂರಿಗೇ ಬರಬೇಕಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ.

ಮೇಲ್ ಬರೆಯುವುದು

ಹೆಚ್ಚಿನ ಕಡೆ ಮೇಲ್ ಇಂಗ್ಲಿಷ್‌ನಲ್ಲೇ ಹೋಗಬೇಕು, ಆದರೆ ಮೊದಲು ಕನ್ನಡದಲ್ಲಿ ಯೋಚಿಸಿ ಬರೆದುಕೊಳ್ಳಿ. ಏನು ಹೇಳಬೇಕು ಅನ್ನುವುದು ಸ್ಪಷ್ಟ ಇದ್ದರೆ ಇಂಗ್ಲಿಷ್ ಸರಳವಾಗಿಯೇ ಬರುತ್ತದೆ. ನಮಗೆ ಬರುವ ಮೇಲ್‌ಗಳಲ್ಲಿ ಎಷ್ಟೋ ಚಾಟ್‌ಜಿಪಿಟಿ ಬರೆದವು. ಅದೇ ಆರಂಭ, ಅದೇ ಹೊಗಳಿಕೆ, ಕಂಪನಿ ಹೆಸರು ಮಾತ್ರ ಬೇರೆ. ಎರಡನೇ ಸಾಲಿಗೆ ನಾವು ಮುಚ್ಚುತ್ತೇವೆ. ವ್ಯಾಕರಣ ಸ್ವಲ್ಪ ತಪ್ಪಿದ್ದರೂ ನಿಮ್ಮದೇ ಮಾತಿನ ಮೇಲ್ ಓದುತ್ತೇವೆ.

ಒಂದು ಒಳ್ಳೆಯ ಮೇಲ್‌ನ ವಿಷಯ ಇಷ್ಟೇ ಇರುತ್ತದೆ:

‘ನಮಸ್ಕಾರ. ನಾನು ರಾಣೇಬೆನ್ನೂರಿನಲ್ಲಿ ಬಿಸಿಎ ಕೊನೆಯ ವರ್ಷ ಓದುತ್ತಿದ್ದೇನೆ. ನಿಮ್ಮ ಆ್ಯಪ್‌ನಲ್ಲಿ ರೈತರಿಗೆ ಮಾರುಕಟ್ಟೆ ದರ ತೋರಿಸುವ ಪುಟ ನೋಡಿದೆ. ನಾನು ಬ್ಯಾಡಗಿ ಎಪಿಎಂಸಿ ದರಗಳ ಮೇಲೆ ಒಂದು ಸಣ್ಣ ಕೆಲಸ ಮಾಡಿದ್ದೇನೆ, ಲಿಂಕ್ ಇಲ್ಲಿದೆ. ವಹಿವಾಟು ಇಲ್ಲದ ದಿನ ನಿಮ್ಮ ಪುಟದಲ್ಲಿ ದರ ಸೊನ್ನೆ ಅಂತ ಕಾಣುತ್ತಿದೆ. ನಾನು ಅದನ್ನು ಹೇಗೆ ಬಗೆಹರಿಸಿಕೊಂಡೆ ಅಂತ ಲಿಂಕ್‌ನಲ್ಲಿ ಬರೆದಿದ್ದೇನೆ. ಜನವರಿಯಿಂದ 16 ವಾರ ಪೂರ್ತಿ ಸಮಯ ಬರಬಲ್ಲೆ. ನಿಮ್ಮ ಡೇಟಾ ಟೀಮ್‌ನಲ್ಲಿ ಇಂಟರ್ನ್ ಬೇಕಿದ್ದರೆ ಒಂದು ಹತ್ತು ನಿಮಿಷ ಮಾತಾಡಬಹುದಾ?’

ಇದರಲ್ಲಿ ಏನೇನಿದೆ ನೋಡಿ. ಯಾರು, ಅವರ ಕೆಲಸದಲ್ಲಿ ಏನು ಗಮನಿಸಿದರು, ತಾವೇನು ಮಾಡಿದ್ದಾರೆ, ಯಾವಾಗಿಂದ ಎಷ್ಟು ದಿನ ಬರಬಲ್ಲರು, ಏನು ಬೇಕು. ಹೊಗಳಿಕೆ ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ಸಬ್ಜೆಕ್ಟ್ ಸಾಲಿನಲ್ಲಿ ಇಂಟರ್ನ್‌ಶಿಪ್ ಅನ್ನುವ ಪದ, ಯಾವ ಕೆಲಸ, ಯಾವ ತಿಂಗಳಿಂದ ಅಂತ ಇರಲಿ. ಖಾಲಿ ಬಿಡಬೇಡಿ. ಐವತ್ತು ಕಂಪನಿಗಳನ್ನು ಸಿಸಿಯಲ್ಲಿ ಹಾಕಿ ಒಂದೇ ಮೇಲ್ ಕಳಿಸುವುದಂತೂ ಬೇಡವೇ ಬೇಡ. ಎಚ್‌ಆರ್ ಐಡಿಗಿಂತ ಆ ಟೀಮಿನ ಇಂಜಿನಿಯರ್‌ಗೋ, ಹತ್ತಿಪ್ಪತ್ತು ಜನರ ಕಂಪನಿಯಾದರೆ ನೇರ ಸ್ಥಾಪಕರಿಗೋ ಬರೆಯಿರಿ. ಪ್ರೊಫೆಸರ್‌ಗೆ ಬರೆಯುವುದಾದರೆ ಅವರ ಇತ್ತೀಚಿನ ಒಂದು ಪೇಪರನ್ನಾದರೂ ಓದಿ, ಅರ್ಥವಾಗದ ಒಂದು ಜಾಗದ ಬಗ್ಗೆ ಪ್ರಶ್ನೆ ಕೇಳಿ.

ಉತ್ತರ ಬರಲಿಲ್ಲ ಅಂದರೆ ಒಂದು ವಾರ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಮಾಡಿ ಎರಡು ಸಾಲಿನಲ್ಲಿ ನೆನಪಿಸಿ. ಅದಕ್ಕೂ ಬರದಿದ್ದರೆ ಬಿಟ್ಟುಬಿಡಿ. ಹೆಚ್ಚಿನ ಮೇಲ್‌ಗಳಿಗೆ ಉತ್ತರ ಬರುವುದಿಲ್ಲ. ಅದು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪಲ್ಲ, ಎಷ್ಟೋ ಸಲ ಓದುವವರಿಗೆ ಆ ವಾರ ಬೇರೆ ಕೆಲಸದ ತಲೆಬಿಸಿ ಇರುತ್ತದೆ. ಯಾರಿಗೆ, ಯಾವಾಗ ಬರೆದೆ ಅಂತ ಒಂದು ಶೀಟ್‌ನಲ್ಲಿ ಬರೆದಿಟ್ಟುಕೊಳ್ಳಿ. ಫೋನ್ ಬಂದಾಗ ‘ಯಾವ ಕಂಪನಿ ಸರ್?’ ಅಂತ ಕೇಳುವ ಹಾಗಾಗಬಾರದು ಅಲ್ವಾ.

ಕಂಪನಿ ನಿಜವೋ ಸುಳ್ಳೋ ನೋಡುವುದು

ಆಫರ್ ಬಂತು ಅಂತ ಖುಷಿಯಲ್ಲಿ ಇದನ್ನು ಬಿಡಬೇಡಿ. ಪ್ರೈವೇಟ್ ಲಿಮಿಟೆಡ್ ಅಂತ ಹೆಸರಿದ್ದರೆ ಆ ಕಂಪನಿಗೆ ಸಿಐಎನ್ ಅನ್ನುವ 21 ಅಕ್ಷರ ಅಂಕಿಗಳ ನಂಬರ್ ಇರಲೇಬೇಕು. ಲೆಟರ್‌ಹೆಡ್‌ನಲ್ಲಿ ಇರುತ್ತದೆ. ಅದನ್ನು ಓದುವುದು ಕಲಿತರೆ ಬಹಳ ಉಪಯೋಗ. ಮೊದಲ ಅಕ್ಷರ ಎಲ್ ಇದ್ದರೆ ಷೇರು ಮಾರುಕಟ್ಟೆಯಲ್ಲಿರುವ ಕಂಪನಿ, ಯು ಇದ್ದರೆ ಅಲ್ಲದ್ದು. ನಂತರದ ಐದು ಅಂಕಿ ಯಾವ ಉದ್ಯಮ ಅಂತ ಹೇಳುತ್ತವೆ. ಆಮೇಲಿನ ಎರಡು ಅಕ್ಷರ ರಾಜ್ಯ, ಕರ್ನಾಟಕವಾದರೆ ಕೆಎ. ಅದಾದ ಮೇಲಿನ ನಾಲ್ಕು ಅಂಕಿ ಕಂಪನಿ ನೋಂದಣಿಯಾದ ವರ್ಷ. ನಂತರ ಮೂರು ಅಕ್ಷರ, ಪ್ರೈವೇಟ್ ಆದರೆ ಪಿಟಿಸಿ. ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ.

ಈಗ ಪೋಸ್ಟರ್ ನೋಡಿ. ‘15 ವರ್ಷದ ಅನುಭವ’ ಅಂತ ಬರೆದಿದ್ದಾರೆ, ಸಿಐಎನ್‌ನಲ್ಲಿ ವರ್ಷ 2024 ಅಂತ ಇದೆ. ಹಾಗಾದರೆ ಆ ಹದಿನೈದು ವರ್ಷ ಎಲ್ಲಿಂದ ಬಂತು ಅಂತ ಅವರನ್ನೇ ಕೇಳಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಕಂಪನಿ ಹೆಸರು ಹಾಕಿದರೆ ಅದು ಇನ್ನೂ ಚಾಲ್ತಿಯಲ್ಲಿದೆಯಾ, ವಿಳಾಸ ಏನು ಅಂತ ಕಾಣುತ್ತದೆ. ಊರಿನ ಆಡಿಟರ್ ಆಫೀಸು, ವರ್ಕ್‌ಶಾಪ್‌ಗಳು ಪಾಲುದಾರಿಕೆ ಅಥವಾ ಒಬ್ಬರೇ ನಡೆಸುವ ಸಂಸ್ಥೆಗಳಾಗಿರಬಹುದು, ಅವಕ್ಕೆ ಸಿಐಎನ್ ಇರುವುದಿಲ್ಲ. ಅದರಿಂದ ಅವು ಸುಳ್ಳು ಅಂತಲ್ಲ, ಅಲ್ಲಿ ನೀವೇ ಹೋಗಿ ಕಣ್ಣಾರೆ ನೋಡಬಹುದು.

ಇನ್ನೂ ಕೆಲವು ಗುರುತುಗಳು. ಇಂಟರ್ವ್ಯೂ ಇಲ್ಲದೆ ಆಫರ್ ಲೆಟರ್ ಬಂದರೆ, ರಿಜಿಸ್ಟ್ರೇಷನ್, ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೈನಿಂಗ್ ಕಿಟ್ ಅಂತ ಯಾವ ಹೆಸರಿನಲ್ಲಾದರೂ ದುಡ್ಡು ಕೇಳಿದರೆ, ಮಾತೆಲ್ಲ ಟೆಲಿಗ್ರಾಮ್‌ನಲ್ಲೇ ನಡೆದರೆ, ಮೊದಲ ದಿನವೇ ಬ್ಯಾಂಕ್ ವಿವರ, ಓಟಿಪಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ದೊಡ್ಡ ಕಂಪನಿ ಹೆಸರು ಹೇಳಿ ಜಿಮೇಲ್ ಐಡಿಯಿಂದ ಬರೆದರೆ ನಂಬಬೇಡಿ. ದುಡ್ಡು ಈಗಾಗಲೇ ಹೋಗಿದ್ದರೆ ನಾಚಿಕೆ ಪಟ್ಟು ಸುಮ್ನೆ ಇರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಇಂಟರ್ವ್ಯೂ

ಕನ್ನಡ ಮೀಡಿಯಂನಿಂದ ಬಂದವರಿಗೆ ಇದೇ ದೊಡ್ಡ ಭಯ. ಪೂರ್ತಿ ಇಂಗ್ಲಿಷ್ ಕಲಿತು ಆಮೇಲೆ ಹೋಗುತ್ತೇನೆ ಅಂದರೆ ಆಗುವುದಿಲ್ಲ. ನಿಮ್ಮ ಒಂದು ಪ್ರಾಜೆಕ್ಟ್ ಬಗ್ಗೆ ಐದು ನಿಮಿಷ ಇಂಗ್ಲಿಷ್‌ನಲ್ಲಿ ಹೇಳಲು ಬಂದರೆ ಅರ್ಧ ಇಂಟರ್ವ್ಯೂ ಆದಂತೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ, ತಡವರಿಸಿದ ಜಾಗ ಸರಿಮಾಡಿ ಮತ್ತೆ ಹೇಳಿ. ಪ್ರಶ್ನೆ ಅರ್ಥ ಆಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದು, ಹೇಗೆ ಹುಡುಕುತ್ತೀರಿ ಅಂತ ಹೇಳಿ. ಎದುರಿಗಿರುವವರು ಕನ್ನಡದವರಾಗಿದ್ದರೆ ಒಂದೆರಡು ಮಾತು ಕನ್ನಡದಲ್ಲಿ ವಿವರಿಸಲಾ ಅಂತ ಧೈರ್ಯವಾಗಿ ಕೇಳಬಹುದು. ನಾನಂತೂ ಖಂಡಿತ ಒಪ್ಪುತ್ತೇನೆ.

ಒಪ್ಪಿಕೊಳ್ಳುವ ಮೊದಲು

ಸ್ಟೈಪೆಂಡ್ ಎಷ್ಟು ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಬೆಂಗಳೂರಿಗೆ ಬರುವುದಾದರೆ ಪಿಜಿ ಬಾಡಿಗೆ, ಅಡ್ವಾನ್ಸ್, ಓಡಾಟ, ಊಟ ಎಲ್ಲ ಕೂಡಿಸಿ ಮನೆಯವರ ಜೊತೆ ಕೂತು ಲೆಕ್ಕ ಹಾಕಿ. ಸ್ಟೈಪೆಂಡ್ ಇಲ್ಲದೆ ನಾಲ್ಕೈದು ತಿಂಗಳು ಬೆಂಗಳೂರಿನಲ್ಲಿ ಇರುವುದಕ್ಕಿಂತ, ಮನೆಯಿಂದ ಹೋಗಿಬಂದು ಮಾಡುವ ಹುಬ್ಬಳ್ಳಿಯದ್ದೋ ದಾವಣಗೆರೆಯದ್ದೋ ಕೆಲಸವೇ ಎಷ್ಟೋ ಸಲ ಒಳ್ಳೆಯದು. ಅಲ್ಲಿ ಇಂಟರ್ನ್‌ಗಳು ಕಡಿಮೆ, ಹಾಗಾಗಿ ನಿಮ್ಮ ಕೈಗೆ ನಿಜವಾದ ಕೆಲಸ ಬರುತ್ತದೆ. ಸ್ಟೈಪೆಂಡ್ ಇಲ್ಲದ ಕಡೆ ಒಂದು ಪ್ರಶ್ನೆ ತಪ್ಪದೆ ಕೇಳಿ: ದಿನಾ ನನ್ನ ಕೆಲಸ ನೋಡಿ ತಿದ್ದುವವರು ಯಾರು? ಹೆಸರು ಹೇಳದೆ ತೇಲಿಸಿದರೆ ಅಲ್ಲಿ ಕಲಿಯಲು ಏನೂ ಇರುವುದಿಲ್ಲ.

ಶುರು ಮತ್ತು ಮುಗಿಯುವ ತಾರೀಖು, ಕೆಲಸದ ಸಮಯ, ಸ್ಟೈಪೆಂಡ್, ಪರೀಕ್ಷೆಗೆ ರಜೆ, ಇವೆಲ್ಲ ಕಾಗದದಲ್ಲೋ ಮೇಲ್‌ನಲ್ಲೋ ಬರಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ತಗೊಳ್ಳಿ. ಮುಗಿದ ಮೇಲೆ ಇಷ್ಟು ವರ್ಷ ಇಲ್ಲೇ ಇರಬೇಕು ಅನ್ನುವ ಬಾಂಡ್‌ಗೆ ಮನೆಯವರನ್ನೂ ಕಾಲೇಜನ್ನೂ ಕೇಳದೆ ಸಹಿ ಹಾಕಬೇಡಿ.

ಸೇರಿದ ಮೇಲೆ

ದಿನಾ ಸಂಜೆ ಎರಡು ಸಾಲು ಡೈರಿ ಬರೆಯಿರಿ: ಇವತ್ತು ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ. ಕಾಲೇಜಿನ ರಿಪೋರ್ಟ್ ಬರೆಯುವಾಗ ಅದೇ ಕೈಹಿಡಿಯುತ್ತದೆ. ಮೊದಲ ಎರಡು ವಾರ ಕೆಲಸ ಕೊಡದೆ ಕೂರಿಸಿದರೆ ಗಾಬರಿಯಾಗಬೇಡಿ, ಪಕ್ಕದವರ ಕೆಲಸ ನೋಡಿ, ‘ಇದರಲ್ಲಿ ಒಂದು ಭಾಗ ನಾನು ಮಾಡಲಾ’ ಅಂತ ನೀವೇ ಕೇಳಿ. ಒಂದೇ ಕಡೆ ಒಂದು ಗಂಟೆ ಸಿಕ್ಕಿಕೊಂಡರೆ ಯಾರನ್ನಾದರೂ ಕೇಳಿಬಿಡಿ. ಕಂಪನಿಯ ಕೋಡು, ಡ್ರಾಯಿಂಗು, ಗ್ರಾಹಕರ ವಿವರ ಯಾವುದನ್ನೂ ನಿಮ್ಮ ಗಿಟ್‌ಹಬ್‌ಗೋ ಸ್ಟೇಟಸ್‌ಗೋ ಹಾಕಬೇಡಿ. ಏನು ಹೊರಗೆ ತೋರಿಸಬಹುದು ಅಂತ ಮೇಲಿನವರನ್ನು ಕೇಳಿ, ಮೇಲ್‌ನಲ್ಲೇ ಒಪ್ಪಿಗೆ ಪಡೆಯಿರಿ.

ಕೊನೆಯ ವಾರಕ್ಕೆ ಕಾಯದೆ, ಮುಗಿಯಲು ಹದಿನೈದು ದಿನ ಇರುವಾಗಲೇ ಸರ್ಟಿಫಿಕೇಟ್ ಕೇಳಿಡಿ. ಅದರಲ್ಲಿ ತಾರೀಖುಗಳು ಮತ್ತು ನೀವು ಮಾಡಿದ ಕೆಲಸದ ಹೆಸರು ಸರಿಯಾಗಿ ಇರಲಿ. ಕಾಲೇಜಿನ ಮೌಲ್ಯಮಾಪನದ ಫಾರ್ಮ್ ಇದ್ದರೆ ಅದಕ್ಕೂ ಅವತ್ತೇ ಸಹಿ ಹಾಕಿಸಿಕೊಳ್ಳಿ. ಜೊತೆಗೆ ನಿಮ್ಮ ಕಾಲೇಜಿನ ಜೂನಿಯರ್‌ಗಳಿಗೆ ಮುಂದಿನ ವರ್ಷ ಅವಕಾಶ ಕೊಡುತ್ತೀರಾ ಅಂತ ಕೇಳಿ, ಅವರು ಹೂಂ ಅಂದರೆ ಯಾರನ್ನು ಯಾವ ತಿಂಗಳಲ್ಲಿ ಸಂಪರ್ಕಿಸಬೇಕು ಅಂತ ಬರೆದು ನಿಮ್ಮ ಡಿಪಾರ್ಟ್‌ಮೆಂಟಿಗೆ ಕೊಡಿ.